ಇನ್ನೊಂದು ಮೀಡಿಯಾ ಪ್ಲೇಯರ್ ಬೇಕಾ? ಮೊದಲು ಆ ಫೈಲನ್ನು ನೋಡಿ

ಆಷಾಢದ ಒಂದು ಮಧ್ಯಾಹ್ನ. ನಮ್ಮ ಸಾಗರ ಪೇಟೆಯಲ್ಲಿ ಮಳೆ ಹಿಡಿದು ಐದು ದಿನವಾಗಿತ್ತು. ಕರೆಂಟು ಬಂದು ಹೋಗಿ ಮಾಡುತ್ತಿತ್ತು. ನಿವೃತ್ತ ಮೇಷ್ಟ್ರೊಬ್ಬರು ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ನನ್ನ ಅಂಗಡಿಗೆ ಬಂದರು. ಜೊತೆಗೆ ಎರಡು ಡಿವಿಡಿ. 2007ರಲ್ಲಿ ಮಗಳ ಮದುವೆಯಾದಾಗ ವಿಡಿಯೋದವರು ಕೊಟ್ಟಿದ್ದು.

"ತಂಗೀ, ಇದರಲ್ಲಿ ನನ್ನ ಅಮ್ಮ ಹಸೆ ಹಾಡು ಹೇಳಿದ್ದಾಳೆ. ಅವಳು ಹೋಗಿ ಒಂಬತ್ತು ವರ್ಷ ಆಯ್ತು. ಒಂದ್ಸಲ ಕೇಳೋಣ ಅಂದ್ರೆ ಈ ಲ್ಯಾಪ್‌ಟಾಪು ಬಾಯೇ ಬಿಡ್ತಾ ಇಲ್ಲ" ಅಂದರು.

ಲ್ಯಾಪ್‌ಟಾಪ್ ಹೊಸದು, ವಿಂಡೋಸ್ 11. ಅದರಲ್ಲಿ ಡಿವಿಡಿ ಹಾಕುವ ಜಾಗವೇ ಇಲ್ಲ, ಹೊರಗಿನಿಂದ ಯುಎಸ್‌ಬಿ ಡ್ರೈವ್ ಜೋಡಿಸಿದ್ದರು. ಸ್ಕ್ರೀನಿನ ಮೇಲೆ ನಾಲ್ಕು ಪ್ಲೇಯರುಗಳ ಐಕಾನ್ ಇದ್ದವು. ಪಕ್ಕದ ಮನೆಯ ಹುಡುಗ ಒಳ್ಳೆ ಮನಸ್ಸಿನಿಂದಲೇ ಒಂದಾದ ಮೇಲೆ ಒಂದು ಹಾಕಿಕೊಟ್ಟಿದ್ದ. ಒಂದರಲ್ಲಿ ಚಿತ್ರ ಬರುತ್ತಿತ್ತು, ದನಿ ಇಲ್ಲ. ಇನ್ನೊಂದು ತೆರೆದಾಗಲೆಲ್ಲ ದುಡ್ಡು ಕೊಟ್ಟು ಪೂರ್ತಿ ಆವೃತ್ತಿ ತಗೊಳ್ಳಿ ಅನ್ನುತ್ತಿತ್ತು. ಮೂರನೆಯದು ಬ್ರೌಸರಿನ ಮೊದಲ ಪುಟವನ್ನೇ ಬದಲಾಯಿಸಿಬಿಟ್ಟಿತ್ತು. ನಾಲ್ಕನೆಯದು ತೆರೆಯುತ್ತಲೇ ಇರಲಿಲ್ಲ.

ಹದಿನೆಂಟು ವರ್ಷದಿಂದ ನಾನು ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ. ಹಳೆ ಕ್ಯಾಸೆಟ್ಟು, ಸಿಡಿಗಳನ್ನು ಪೆನ್‌ಡ್ರೈವಿಗೆ ಹಾಕಿಕೊಡುವ ಕೆಲಸವೂ ಇದೆ. "ಯಾವ ಪ್ಲೇಯರ್ ಹಾಕ್ಲಿ?" ಅಂತ ವಾರಕ್ಕೆ ಒಬ್ಬರಾದರೂ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: "ಯಾವ ಫೈಲು ಓಡ್ತಾ ಇಲ್ಲ, ತೋರಿಸಿ." ತೋರಿಸಲು ಏನೂ ಇಲ್ಲದಿದ್ದರೆ ಪ್ಲೇಯರೂ ಬೇಡ. ಇದ್ದರೆ ಆ ಫೈಲೇ ಉತ್ತರ ಹೇಳುತ್ತದೆ. ಅದನ್ನು ಕೇಳಿಸಿಕೊಳ್ಳುವುದು ಹೇಗೆ ಅಂತ ಹೇಳುತ್ತೇನೆ.

ಮನೆಯಲ್ಲಿ ಇರುವುದನ್ನು ಮೊದಲು ನೋಡಿ

ವಿಂಡೋಸ್ 11ರಲ್ಲಿ 'ಮೀಡಿಯಾ ಪ್ಲೇಯರ್' ಅಂತ ಒಂದು ಆ್ಯಪ್ ಬಂದೇ ಇರುತ್ತದೆ. ವಿಂಡೋಸ್ 10ರಲ್ಲಿ 'ಮೂವೀಸ್ ಅಂಡ್ ಟಿವಿ' ಇದೆ, ಹಳೆಯ ವಿಂಡೋಸ್ ಮೀಡಿಯಾ ಪ್ಲೇಯರೂ ಇದೆ. ಇವು ಎಂಪಿ3 ಹಾಡು, ಮೊಬೈಲಿನಲ್ಲಿ ತೆಗೆದ ಸಾಮಾನ್ಯ ಎಂಪಿ4 ವಿಡಿಯೋ, ಡಬ್ಲ್ಯುಎವಿ ಎಲ್ಲವನ್ನೂ ಓಡಿಸುತ್ತವೆ. ಎಂಕೆವಿ ಅನ್ನುವ ವಿಡಿಯೋ ಮತ್ತು ಫ್ಲ್ಯಾಕ್ ಅನ್ನುವ ಹಾಡಿನ ಫೈಲುಗಳಿಗೆ ಬೇರೆ ಪ್ಲೇಯರ್ ಬೇಕೇ ಬೇಕು ಅನ್ನುವ ಕಾಲ ವಿಂಡೋಸ್ 10 ಬಂದಾಗಲೇ, ಅಂದರೆ 2015ಕ್ಕೇ ಮುಗಿಯಿತು.

ಇನ್ನೊಂದು ಪ್ಲೇಯರ್ ಎಲ್ಲರ ಹತ್ತಿರವೂ ಇದೆ, ಆದರೆ ಅದು ಪ್ಲೇಯರ್ ಅಂತ ಯಾರಿಗೂ ಹೊಳೆಯುವುದಿಲ್ಲ. ಬ್ರೌಸರ್. ಕ್ರೋಮ್ ಅಥವಾ ಎಡ್ಜ್ ತೆರೆಯಿರಿ. ವಿಡಿಯೋ ಫೈಲನ್ನು ಮೌಸಿನಲ್ಲಿ ಹಿಡಿದು ಎಳೆದು ಖಾಲಿ ಟ್ಯಾಬಿನ ಮೇಲೆ ಬಿಡಿ. ಎಂಪಿ4 ಆದರೆ ಮುಕ್ಕಾಲು ಪಾಲು ಅಲ್ಲೇ ಓಡುತ್ತದೆ. ವಾಟ್ಸ್ಆ್ಯಪ್‌ನಿಂದ ಇಳಿಸಿಕೊಂಡ ದನಿ ಸಂದೇಶವೂ ಸಾಮಾನ್ಯವಾಗಿ ಹೀಗೇ ಕೇಳುತ್ತದೆ.

ನೀವು ಯೂಟ್ಯೂಬ್ ನೋಡುತ್ತೀರಿ, ಮಗುವಿನ ಆನ್‌ಲೈನ್ ಪಾಠ ನೋಡುತ್ತೀರಿ, ಮೊಬೈಲಿನ ವಿಡಿಯೋ ಆಗೀಗ ಕಂಪ್ಯೂಟರಿಗೆ ಹಾಕುತ್ತೀರಿ, ಅಷ್ಟೇ ಅಂದರೆ ಇಲ್ಲಿಗೇ ನಿಲ್ಲಿಸಬಹುದು. ನಿಮಗೆ ಏನೂ ಬೇಕಿಲ್ಲ. ನಾನು ಖಂಡಿತವಾಗಿ ಹೇಳುತ್ತಿದ್ದೇನೆ. ಸುಮ್ನೆ ಹಾಕಿಟ್ಟುಕೊಂಡ ಪ್ರತಿಯೊಂದು ಸಾಫ್ಟ್‌ವೇರನ್ನೂ ಆಗಾಗ ಅಪ್‌ಡೇಟ್ ಮಾಡುತ್ತಿರಬೇಕು, ಮಾಡದೆ ಬಿಟ್ಟರೆ ಅದು ಕಳ್ಳರಿಗೆ ಬಿಟ್ಟ ಕಿಂಡಿ. 2017ರಲ್ಲಿ ಭದ್ರತಾ ಸಂಶೋಧಕರು ಒಂದು ವಿಷಯ ತೋರಿಸಿಕೊಟ್ಟರು: ಬೇಕೆಂದೇ ಕೆಡಿಸಿಟ್ಟ ಸಬ್‌ಟೈಟಲ್ ಫೈಲೊಂದರಿಂದಲೇ ಕಂಪ್ಯೂಟರನ್ನು ವಶಕ್ಕೆ ತಗೊಳ್ಳಬಹುದು ಅಂತ. ವಿಎಲ್‌ಸಿ, ಕೋಡಿಯಂಥ ಹೆಸರುವಾಸಿ ಪ್ಲೇಯರುಗಳಲ್ಲೇ ಆ ದೋಷ ಇತ್ತು. ಬೇಗ ಸರಿಪಡಿಸಿದರು, ನಿಜ. ಆದರೆ ಅಪ್‌ಡೇಟ್ ಮಾಡಿಕೊಂಡವರಿಗೆ ಮಾತ್ರ ಅದರ ಪ್ರಯೋಜನ, ಅಲ್ವಾ?

ಡಬ್ಬಿಯೂ ಒಳಗಿನ ಪದಾರ್ಥವೂ

ಅಡುಗೆಮನೆಯಲ್ಲಿ ಒಂದೇ ಅಳತೆಯ ಸ್ಟೀಲ್ ಡಬ್ಬಿಗಳು ಸಾಲಾಗಿ ಇರುತ್ತವೆ. ಹೊರಗಿನಿಂದ ನೋಡಿದರೆ ಒಂದರಲ್ಲಿ ತೊಗರಿಬೇಳೆಯೋ ಕಡಲೆಬೇಳೆಯೋ ಗೊತ್ತಾಗುವುದಿಲ್ಲ. ಮುಚ್ಚಳ ತೆಗೆಯಬೇಕು. ವಿಡಿಯೋ ಫೈಲೂ ಹಾಗೇ. ಹೆಸರಿನ ಕೊನೆಯಲ್ಲಿರುವ ಎಂಪಿ4, ಎಂಕೆವಿ, ಎವಿಐ, ಎಂಒವಿ ಅನ್ನುವುದೆಲ್ಲ ಡಬ್ಬಿಯ ಹೆಸರು. ಒಳಗೆ ಚಿತ್ರವನ್ನು ಒಂದು ವಿಧಾನದಲ್ಲಿ, ದನಿಯನ್ನು ಇನ್ನೊಂದು ವಿಧಾನದಲ್ಲಿ ಒತ್ತಿ ತುಂಬಿಟ್ಟಿರುತ್ತಾರೆ. ಆ ವಿಧಾನವೇ ಕೋಡೆಕ್. ಒಂದೇ ಎಂಪಿ4 ಡಬ್ಬಿಯೊಳಗೆ ಎಚ್.264 ಇರಬಹುದು, ಹೊಸದಾದ ಎಚ್‌ಇವಿಸಿಯೂ ಇರಬಹುದು. ಅದಕ್ಕೇ "ನಿನ್ನೆಯ ಎಂಪಿ4 ಓಡಿತು, ಇವತ್ತಿನದು ಯಾಕೆ ಓಡಲ್ಲ?" ಅನ್ನುವ ಪ್ರಶ್ನೆ ಬರುತ್ತದೆ.

ಇದು ಗೊತ್ತಿದ್ದರೆ ಲಕ್ಷಣ ನೋಡಿ ರೋಗ ಹೇಳಬಹುದು. ದನಿ ಬರುತ್ತದೆ, ಪರದೆ ಕಪ್ಪು ಅಂದರೆ ಚಿತ್ರದ ಕೋಡೆಕ್ ಇಲ್ಲ. ಚಿತ್ರ ಬರುತ್ತದೆ, ದನಿ ಇಲ್ಲ ಅಂದರೆ ದನಿಯ ಕೋಡೆಕ್ ಇಲ್ಲ. ಮೇಷ್ಟ್ರ ಲ್ಯಾಪ್‌ಟಾಪಿನ ಒಂದು ಪ್ಲೇಯರಿನಲ್ಲಿ ಆಗಿದ್ದು ಇದೇ. ಈ ಎರಡೂ ಸಂದರ್ಭದಲ್ಲಿ ಬೇರೆ ಪ್ಲೇಯರ್ ಹಾಕಿದರೆ ಕೆಲಸ ಆಗುತ್ತದೆ.

ಎರಡೂ ಇಲ್ಲ, ಫೈಲು ತೆರೆಯುವುದೇ ಇಲ್ಲ ಅಂದರೆ ಕೈ ತಡೆಯಿರಿ. ಅಲ್ಲಿ ಫೈಲೇ ಕೆಟ್ಟಿರುವ ಸಾಧ್ಯತೆ ಜಾಸ್ತಿ.

ಪ್ಲೇಯರಿನ ತಪ್ಪೇ ಅಲ್ಲದ ಕೇಸುಗಳು

ಕಳೆದ ವರ್ಷ ಹೊಸನಗರ ಕಡೆಯಿಂದ ಇಬ್ಬರು ಹುಡುಗರು ಬಂದಿದ್ದರು. ಊರಿನ ಬಯಲಾಟದ ವಿಡಿಯೋ ಪೆನ್‌ಡ್ರೈವಿನಲ್ಲಿತ್ತು. ಐದು ಫೈಲು. ಮೂರು ಓಡುತ್ತವೆ, ಎರಡು ಓಡುವುದಿಲ್ಲ. "ಅಕ್ಕಾ, ಒಳ್ಳೆ ಪ್ಲೇಯರ್ ಹಾಕಿಕೊಡಿ" ಅಂದರು. ನಾನು ಪ್ಲೇಯರ್ ಮುಟ್ಟಲಿಲ್ಲ. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಪ್ರಾಪರ್ಟೀಸ್' ತೆರೆದೆ. ಓಡುವ ಮೂರು ಫೈಲುಗಳು ತಲಾ ಮೂರೂವರೆ ಜಿಬಿ ಇದ್ದವು. ಓಡದ ಎರಡರಲ್ಲಿ ಒಂದು 410 ಎಂಬಿ, ಇನ್ನೊಂದು ಸೊನ್ನೆ. ಕಾಪಿ ಆಗುತ್ತಿರುವಾಗಲೇ ಯಾರೋ ಪೆನ್‌ಡ್ರೈವ್ ಕಿತ್ತಿದ್ದರು.

ಎಂಪಿ4 ಫೈಲಿಗೆ ಪುಸ್ತಕದ ಪರಿವಿಡಿಯಂಥ ಒಂದು ಭಾಗ ಇರುತ್ತದೆ. ಯಾವ ಚಿತ್ರ ಎಲ್ಲಿದೆ, ದನಿ ಎಲ್ಲಿದೆ ಅಂತ ಅದರಲ್ಲಿ ಬರೆದಿರುತ್ತದೆ. ಹೆಚ್ಚಿನ ಕ್ಯಾಮೆರಾಗಳು ಅದನ್ನು ರೆಕಾರ್ಡಿಂಗ್ ನಿಲ್ಲಿಸಿದ ಮೇಲೆ ಫೈಲಿನ ಕೊನೆಯಲ್ಲಿ ಬರೆಯುತ್ತವೆ. ಕಾಪಿ ಅರ್ಧಕ್ಕೆ ನಿಂತರೆ ಆ ಕೊನೆಯ ಭಾಗವೇ ಬಂದಿರುವುದಿಲ್ಲ. ಆಗ 410 ಎಂಬಿ ಚಿತ್ರ ಒಳಗಿದ್ದರೂ ಯಾವ ಪ್ಲೇಯರಿಗೂ ಅದರ ತಲೆಬುಡ ತಿಳಿಯುವುದಿಲ್ಲ. ಆ ಹುಡುಗರಿಗೆ ನಾನು ಹೇಳಿದ್ದು, "ವಿಡಿಯೋದವರ ಕಾರ್ಡಿನಲ್ಲಿ ಇನ್ನೂ ಇರಬಹುದು, ಅಳಿಸುವ ಮೊದಲು ಓಡಿ ಹೋಗಿ" ಅಂತ. ಪುಣ್ಯಕ್ಕೆ ಸಿಕ್ಕಿತು. ಪ್ಲೇಯರ್ ಹುಡುಕುತ್ತಾ ಇನ್ನೊಂದು ವಾರ ಕಳೆದಿದ್ದರೆ ಆ ಕಾರ್ಡಿನ ಮೇಲೆ ಬೇರೆ ಮದುವೆ ಬಂದು ಕೂತಿರುತ್ತಿತ್ತು.

ಹಾಗಾಗಿ ಮೊದಲು ಗಾತ್ರ ನೋಡಿ. ಕೊಟ್ಟವರ ಹತ್ತಿರ ಇರುವ ಫೈಲಿನ ಗಾತ್ರವೂ ನಿಮ್ಮದೂ ಒಂದೇ ಇರಬೇಕು. ಪೆನ್‌ಡ್ರೈವ್ ಹಳೆಯ ಫ್ಯಾಟ್32 ಮಾದರಿಯದಾದರೆ 4 ಜಿಬಿಗಿಂತ ದೊಡ್ಡ ಫೈಲು ಅದರಲ್ಲಿ ಹಿಡಿಯುವುದೇ ಇಲ್ಲ, ಅದೂ ಗೊತ್ತಿರಲಿ.

ಎರಡನೆಯದಾಗಿ ಫೈಲಿನ ಪೂರ್ತಿ ಹೆಸರು ನೋಡಿ. ವಿಂಡೋಸ್ ಸಾಮಾನ್ಯವಾಗಿ ಕೊನೆಯ ಮೂರು ಅಕ್ಷರಗಳನ್ನು ಮುಚ್ಚಿಟ್ಟಿರುತ್ತದೆ. ವಿಂಡೋಸ್ 11ರ ಫೈಲ್ ಎಕ್ಸ್‌ಪ್ಲೋರರಿನಲ್ಲಿ 'ವ್ಯೂ', ಅದರೊಳಗೆ 'ಶೋ', ಅದರಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್'ಗೆ ಟಿಕ್ ಹಾಕಿ. ಎಂಪಿ4 ಅಂತ ಕಂಡದ್ದರ ನಂತರ ಇನ್ನೊಂದು ಚುಕ್ಕೆ, ಆಮೇಲೆ ಇಎಕ್ಸ್‌ಇ ಅಂತ ಇದ್ದರೆ ಅದು ವಿಡಿಯೋ ಅಲ್ಲ, ಪ್ರೋಗ್ರಾಮು. ತೆರೆಯಬೇಡಿ, ಅಳಿಸಿ.

ಮೂರನೆಯದು, ಒಟಿಟಿ ಆ್ಯಪುಗಳಲ್ಲಿ ಡೌನ್‌ಲೋಡ್ ಮಾಡಿದ ಸಿನಿಮಾ. ಅದಕ್ಕೆ ಬೀಗ ಇರುತ್ತದೆ, ಆ ಆ್ಯಪಿನಲ್ಲೇ ನೋಡಬೇಕು. ಯಾವ ಪ್ಲೇಯರೂ ಅದನ್ನು ತೆರೆಯುವುದಿಲ್ಲ.

ಮೊಬೈಲಿನ ವಿಡಿಯೋ ತಡವರಿಸಿದರೆ

ಈಗೀಗ ಹೆಚ್ಚು ಬರುವ ತಕರಾರು ಇದು. ಬೆಂಗಳೂರಿನಿಂದ ಮಗ ಐಫೋನಿನಲ್ಲಿ ತೆಗೆದ ವಿಡಿಯೋ ಕಳಿಸಿರುತ್ತಾನೆ. ಇಲ್ಲಿ ಅಪ್ಪನ ಕಂಪ್ಯೂಟರಿನಲ್ಲಿ ದನಿ ಮಾತ್ರ. 2017ರ ಐಒಎಸ್ 11ರಿಂದ ಐಫೋನುಗಳು ಎಚ್‌ಇವಿಸಿಯಲ್ಲಿ ರೆಕಾರ್ಡ್ ಮಾಡುತ್ತಿವೆ. ಅದೇ ಗುಣಮಟ್ಟಕ್ಕೆ ಜಾಗ ಹೆಚ್ಚುಕಡಿಮೆ ಅರ್ಧ ಸಾಕು. ಈಗ ಹಲವು ಆಂಡ್ರಾಯ್ಡ್ ಫೋನುಗಳಲ್ಲೂ ಈ ಆಯ್ಕೆ ಇದೆ. ಆದರೆ ಎಷ್ಟೋ ವಿಂಡೋಸ್ ಕಂಪ್ಯೂಟರುಗಳಲ್ಲಿ ಇದಕ್ಕೆ ಬೇಕಾದ 'ಎಚ್‌ಇವಿಸಿ ವಿಡಿಯೋ ಎಕ್ಸ್‌ಟೆನ್ಶನ್ಸ್' ಇರುವುದಿಲ್ಲ. ಮೈಕ್ರೋಸಾಫ್ಟ್ ಸ್ಟೋರಿನಲ್ಲಿ ಸಣ್ಣ ಮೊತ್ತ ಕೊಟ್ಟು ತಗೊಳ್ಳಬೇಕು. ಇಲ್ಲವೇ ಈ ಕೋಡೆಕನ್ನು ತನ್ನೊಳಗೇ ಇಟ್ಟುಕೊಂಡ ಪ್ಲೇಯರ್ ಹಾಕಬೇಕು. ಹೊಸ ಪ್ಲೇಯರ್ ಹಾಕಲು ಇದು ಸರಿಯಾದ ಕಾರಣ.

ಹಾಕಿದ ಮೇಲೆ ಚಿತ್ರ ಬಂತು, ಆದರೆ ಎತ್ತಿನಗಾಡಿ ಕಲ್ಲಿನ ಮೇಲೆ ಹೋದ ಹಾಗೆ ಕುಲುಕುತ್ತಿದೆ ಅಂತಾದರೆ? ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ವಿಡಿಯೋ ಓಡುತ್ತಿರುವಾಗ ಅದರಲ್ಲಿ ಸಿಪಿಯು ಎಷ್ಟಿದೆ ನೋಡಿ. 95, 100 ಅಂತ ನಿಂತಿದ್ದರೆ ನಿಮ್ಮ ಪ್ರೊಸೆಸರ್ ಒಬ್ಬಂಟಿಯಾಗಿ ಬೆವರು ಸುರಿಸುತ್ತಿದೆ ಅಂತ ಅರ್ಥ. ಇಂಟೆಲ್‌ನಲ್ಲಿ ಎಚ್‌ಇವಿಸಿ ಬಿಡಿಸುವ ಪೂರ್ತಿ ಯಂತ್ರಾಂಶ ಬಂದದ್ದು 2015ರ ಆರನೇ ತಲೆಮಾರಿನಿಂದ. ಹೆಚ್ಚು ಬಣ್ಣಛಾಯೆ ಹಿಡಿಯುವ 10 ಬಿಟ್ ವಿಡಿಯೋಗಳಿಗೆ ಏಳನೆಯದು ಬೇಕು. ಐ3 ಅಥವಾ ಐ5 ಆದಮೇಲೆ ಬರುವ ನಾಲ್ಕಂಕಿ ಸಂಖ್ಯೆಯ ಮೊದಲ ಅಂಕಿ 2ರಿಂದ 9ರೊಳಗಿದ್ದರೆ ಅದೇ ತಲೆಮಾರು. 3217 ಅಂತ ಇದ್ದರೆ ಮೂರನೆಯದು. ಅಂಥ ಲ್ಯಾಪ್‌ಟಾಪಿನಲ್ಲಿ 4ಕೆ ವಿಡಿಯೋಕ್ಕೆ ಹತ್ತು ಪ್ಲೇಯರ್ ಬದಲಾಯಿಸಿದರೂ ಅಷ್ಟೇ.

ಮದ್ದು ಕಳಿಸುವವರ ಕೈಯಲ್ಲಿದೆ. ಐಫೋನಿನಲ್ಲಿ ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್ ಒಳಗೆ 'ಮೋಸ್ಟ್ ಕಂಪ್ಯಾಟಿಬಲ್' ಆರಿಸಿಕೊಳ್ಳಲು ಮಗನಿಗೆ ಹೇಳಿ. ಜೊತೆಗೆ 4ಕೆ ಬದಲು 1080ರಲ್ಲಿ ತೆಗೆಯಲು ಹೇಳಿ. ಮುಂದಿನ ವಿಡಿಯೋದಿಂದ ಹಳೆ ಕಂಪ್ಯೂಟರಿಗೂ ಸಲೀಸು.

ಡಿವಿಡಿ, ವಿಸಿಡಿ ಇದ್ದವರಿಗೆ

ಇವರಿಗೆ ಮಾತ್ರ ನಾನು ಎರಡನೇ ಮಾತಿಲ್ಲದೆ ಹೊಸ ಪ್ಲೇಯರ್ ಹಾಕಿಕೊಡುತ್ತೇನೆ. ವಿಂಡೋಸ್ 7ರ ಹೋಮ್ ಪ್ರೀಮಿಯಂ ಮತ್ತು ಅದಕ್ಕಿಂತ ಮೇಲಿನ ಆವೃತ್ತಿಗಳಲ್ಲಿ ಡಿವಿಡಿ ಹಾಕಿದರೆ ತಾನಾಗಿ ಓಡುತ್ತಿತ್ತು. 2012ರ ವಿಂಡೋಸ್ 8ರಿಂದ ಮೈಕ್ರೋಸಾಫ್ಟ್ ಅದನ್ನು ತೆಗೆದುಹಾಕಿತು. ಡಿವಿಡಿಯ ಕೋಡೆಕಿಗೆ ಲೈಸೆನ್ಸ್ ಶುಲ್ಕ ಕಟ್ಟಬೇಕಿತ್ತು, ಇತ್ತ ಡಿವಿಡಿ ಡ್ರೈವ್ ಇಲ್ಲದ ಲ್ಯಾಪ್‌ಟಾಪುಗಳೇ ಹೆಚ್ಚುತ್ತಿದ್ದವು. ಹಾಗಾಗಿ ಮೇಷ್ಟ್ರ ಡಿಸ್ಕಿನಲ್ಲಾಗಲಿ ಡ್ರೈವಿನಲ್ಲಾಗಲಿ ದೋಷ ಇರಲಿಲ್ಲ. ಹೊಸ ಲ್ಯಾಪ್‌ಟಾಪಿಗೆ ಆ ಭಾಷೆಯೇ ಬರುತ್ತಿರಲಿಲ್ಲ. ಸ್ಟೋರಿನಲ್ಲಿ ದುಡ್ಡು ಕೊಟ್ಟು ಕೊಳ್ಳುವ ಡಿವಿಡಿ ಪ್ಲೇಯರ್ ಇದೆ, ಅದೇನೂ ಬೇಕಿಲ್ಲ.

ವಿಸಿಡಿಗಳೂ ನಮ್ಮ ಕಡೆ ತುಂಬಾ ಇವೆ, ಹೆಚ್ಚಾಗಿ ಯಕ್ಷಗಾನದವು. ಒಂದು ಸಿಡಿಗೆ ಸುಮಾರು 74 ನಿಮಿಷ, ಒಂದು ಪ್ರಸಂಗಕ್ಕೆ ಎರಡೋ ಮೂರೋ ಸಿಡಿ. ಒಳಗೆ 'ಎಂಪಿಇಜಿಎವಿ' ಅನ್ನುವ ಫೋಲ್ಡರ್, ಅದರಲ್ಲಿ ಡಿಎಟಿ ಅಂತ ಕೊನೆಯಾಗುವ ದೊಡ್ಡ ಫೈಲು. ಅದರ ಮೇಲೆ ಡಬಲ್ ಕ್ಲಿಕ್ ಮಾಡಿದರೆ ವಿಂಡೋಸ್ ಕಣ್ಣು ಕಣ್ಣು ಬಿಡುತ್ತದೆ. ಮುಂದೆ ಹೇಳುವ ವಿಎಲ್‌ಸಿ ಪ್ಲೇಯರಿನಲ್ಲಿ ತೆರೆದರೆ ಓಡುತ್ತದೆ.

ಹಾಕುವುದಾದರೆ ಒಂದೇ, ಅದೂ ಸರಿಯಾದ ಜಾಗದಿಂದ

ನನ್ನ ಆಯ್ಕೆ ವಿಎಲ್‌ಸಿ. ಕಿತ್ತಳೆ ಬಿಳಿ ಪಟ್ಟೆಯ ರಸ್ತೆ ಕೋನಿನ ಚಿತ್ರ ಇರುವುದು. 1996ರಲ್ಲಿ ಪ್ಯಾರಿಸ್ಸಿನ ಎಕೋಲ್ ಸೆಂಟ್ರಾಲ್ ಅನ್ನುವ ಎಂಜಿನಿಯರಿಂಗ್ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಪ್ರಾಜೆಕ್ಟಾಗಿ ಶುರುವಾಯಿತು. 2001ರ ಫೆಬ್ರವರಿ 1ರಂದು ಎಲ್ಲರಿಗೂ ಮುಕ್ತವಾಯಿತು. ಈಗ ನೋಡಿಕೊಳ್ಳುತ್ತಿರುವುದು ವಿಡಿಯೋಲ್ಯಾನ್ ಅನ್ನುವ ಲಾಭಕ್ಕಲ್ಲದ ಸಂಸ್ಥೆ. ಜಾಹೀರಾತು ಇಲ್ಲ, ದುಡ್ಡು ಕೇಳುವುದಿಲ್ಲ. ಮುಖ್ಯವಾದ ಮಾತು ಏನಂದರೆ, ಕೋಡೆಕುಗಳೆಲ್ಲ ಅದರ ಹೊಟ್ಟೆಯೊಳಗೇ ಇವೆ. ಅದನ್ನು ಹಾಕಿದರೂ ತೆಗೆದರೂ ವಿಂಡೋಸಿನ ಉಳಿದ ಭಾಗಕ್ಕೆ ಏನೂ ಆಗುವುದಿಲ್ಲ. ಹಿಂದೆ ನಾವೆಲ್ಲ ಕೋಡೆಕ್ ಪ್ಯಾಕ್ ಅಂತ ಹಾಕುತ್ತಿದ್ದೆವು. ಒಂದು ಪ್ಯಾಕು ಇನ್ನೊಂದರ ಜೊತೆ ಗುದ್ದಾಡಿ ಇದ್ದದ್ದೂ ಓಡದ ಹಾಗೆ ಆಗುತ್ತಿತ್ತು. ಈಗ ಅದರ ಅಗತ್ಯ ಇಲ್ಲ.

ತುಂಬಾ ಹಳೆಯ ಕಂಪ್ಯೂಟರಾದರೆ ಎಂಪಿಸಿ-ಎಚ್‌ಸಿ ಅನ್ನುವ ಪ್ಲೇಯರ್ ಹಗುರ. ಅದರ ಮೂಲ ತಂಡ 2017ರಲ್ಲಿ ಕೆಲಸ ನಿಲ್ಲಿಸಿತು, ಆಮೇಲೆ ಬೇರೆಯವರು ಮುಂದುವರಿಸಿದ್ದಾರೆ. ಹಾಗಾಗಿ ಹಳೇ ಪ್ರತಿ ತಗೊಳ್ಳಬೇಡಿ. ಮ್ಯಾಕ್ ಇದ್ದವರಿಗೆ ಐಐಎನ್‌ಎ ಅನ್ನುವ ಪ್ಲೇಯರ್ ಚೆನ್ನಾಗಿದೆ.

ವಿಎಲ್‌ಸಿ ವಿಷಯದಲ್ಲಿ ನಮ್ಮ ದೇಶದ್ದೇ ಒಂದು ಕಥೆ ಇದೆ. 2022ರಲ್ಲಿ ಕೆಲವು ತಿಂಗಳು ಭಾರತದಲ್ಲಿ ವಿಡಿಯೋಲ್ಯಾನಿನ ವೆಬ್‌ಸೈಟ್ ತೆರೆಯುತ್ತಿರಲಿಲ್ಲ. ಸರ್ಕಾರದ ಆದೇಶದಿಂದ ತಡೆದಿದ್ದರು. ವಿಡಿಯೋಲ್ಯಾನಿನವರು ಇಂಟರ್ನೆಟ್ ಹಕ್ಕುಗಳಿಗಾಗಿ ಕೆಲಸ ಮಾಡುವ ಇಂಟರ್ನೆಟ್ ಫ್ರೀಡಂ ಫೌಂಡೇಶನ್ ನೆರವಿನಿಂದ ಕಾನೂನು ನೋಟಿಸ್ ಕಳಿಸಿದರು. ನವೆಂಬರಿನಲ್ಲಿ ತಡೆ ತೆರವಾಯಿತು. ಆ ತಿಂಗಳುಗಳಲ್ಲಿ ಜನ ಸಿಕ್ಕಸಿಕ್ಕ ಸೈಟುಗಳಿಂದ ಇಳಿಸಿಕೊಂಡರು. ಅದರ ಫಲ ನನ್ನ ಮೇಜಿನ ಮೇಲೆ ಬಂದು ಬೀಳುತ್ತಿತ್ತು. ಪ್ಲೇಯರ್ ಒಂದು, ಅದರ ಜೊತೆ ಬ್ರೌಸರಿನ ಟೂಲ್‌ಬಾರ್, ನಕಲಿ ಆಂಟಿವೈರಸ್, ಮೂಲೆಯಲ್ಲಿ ಕುಣಿಯುವ ಜಾಹೀರಾತು. ಒಂದು ಕಂಪ್ಯೂಟರಿನಲ್ಲಿ ಹೀಗೆ ಹನ್ನೊಂದು ಪ್ರೋಗ್ರಾಮು ತೆಗೆದಿದ್ದೇನೆ.

ಈಗ ತಡೆ ಇಲ್ಲ. ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ಮೇಲೆ ಒತ್ತಬೇಡಿ. ವಿಳಾಸ ನೀವೇ ಟೈಪ್ ಮಾಡಿ: ವಿಡಿಯೋಲ್ಯಾನ್ ಡಾಟ್ ಓಆರ್‌ಜಿ. ಸ್ಟೋರಿನಿಂದ ತಗೊಳ್ಳುವುದಾದರೆ ಐಕಾನ್ ನೋಡಿ ನಂಬಬೇಡಿ, ಪ್ರಕಟಿಸಿದವರ ಹೆಸರು ವಿಡಿಯೋಲ್ಯಾನ್ ಅಂತ ಇದೆಯಾ ನೋಡಿ. ಇನ್ನು "ಈ ವಿಡಿಯೋ ನೋಡಲು ಈ ಕೋಡೆಕ್ ಹಾಕಿಕೊಳ್ಳಿ" ಅಂತ ಯಾವುದೇ ಪುಟ ಕೇಳಿದರೆ ಆ ಪುಟ ಮುಚ್ಚಿ. ಜ್ಲಾಬ್ ಅನ್ನುವ ಟ್ರೋಜನ್, ಅಂದರೆ ಒಳ್ಳೆ ಸಾಫ್ಟ್‌ವೇರಿನಂತೆ ನಟಿಸುವ ಕೆಟ್ಟ ಪ್ರೋಗ್ರಾಮು, ಇದೇ ವೇಷದಲ್ಲಿ ಕಂಪ್ಯೂಟರುಗಳಿಗೆ ನುಗ್ಗುತ್ತಿತ್ತು. ಇಪ್ಪತ್ತು ವರ್ಷ ಹಳೆಯ ಆ ಉಪಾಯ ಇವತ್ತಿಗೂ ನಡೆಯುತ್ತಿದೆ.

ಆಫೀಸಿನ ಕಂಪ್ಯೂಟರಾದರೆ ಸಿಸ್ಟಂ ನೋಡಿಕೊಳ್ಳುವವರನ್ನು ಕೇಳದೆ ಏನೂ ಹಾಕಬೇಡಿ.

ಹಾಕುವಾಗ ಮುಂದೆ, ಮುಂದೆ ಅಂತ ಒತ್ತುತ್ತಾ ಹೋದರೂ ವಿಎಲ್‌ಸಿಯಲ್ಲಿ ಅಪಾಯ ಇಲ್ಲ. ಮೊದಲ ಸಲ ತೆರೆದಾಗ ಎರಡು ಟಿಕ್ ಗುರುತು ಕೇಳುತ್ತದೆ. ಹಾಡಿನ ವಿವರ, ಮುಖಪುಟ ಚಿತ್ರಗಳನ್ನು ಇಂಟರ್ನೆಟ್ಟಿನಿಂದ ತರಲೇ ಅನ್ನುವುದು ಒಂದು. ಅದನ್ನು ನಾನು ತೆಗೆಯುತ್ತೇನೆ. ಆಗಾಗ ಅಪ್‌ಡೇಟ್ ಇದೆಯಾ ನೋಡಲೇ ಅನ್ನುವುದು ಇನ್ನೊಂದು. ಅದನ್ನು ಇಟ್ಟುಕೊಳ್ಳಲೇಬೇಕು. ಎಲ್ಲ ಫೈಲನ್ನೂ ಅದಕ್ಕೇ ಒಪ್ಪಿಸುವುದೂ ಬೇಡ. ಬೇಕಾದ ಫೈಲಿನ ಮೇಲೆ ರೈಟ್ ಕ್ಲಿಕ್, 'ಓಪನ್ ವಿತ್', ವಿಎಲ್‌ಸಿ. ಸಾಮಾನ್ಯ ಹಾಡು, ವಿಡಿಯೋ ಮೊದಲಿನ ಹಾಗೇ ವಿಂಡೋಸಿನ ಪ್ಲೇಯರಿನಲ್ಲಿ ಓಡಲಿ.

ಇನ್ನೆರಡು ಕೆಲಸಕ್ಕೆ ಅದು ನಿಜಕ್ಕೂ ಉಪಯೋಗ. ಹಾಡು, ಪದ ಕಲಿಯುವವರು, ದನಿ ಕೇಳಿ ಬರೆದುಕೊಳ್ಳುವವರು 'ಪ್ಲೇಬ್ಯಾಕ್' ಮೆನುವಿನ 'ಸ್ಪೀಡ್'ನಲ್ಲಿ ನಿಧಾನ ಮಾಡಿಕೊಳ್ಳಬಹುದು, ಶ್ರುತಿ ಇಳಿಯುವುದಿಲ್ಲ. ಎರಡನೆಯದು ಕನ್ನಡ ಸಬ್‌ಟೈಟಲ್. ನನ್ನ ಅಕ್ಕನ ಮಗಳು ಒಂದು ಕಿರುಚಿತ್ರಕ್ಕೆ ಕನ್ನಡದಲ್ಲಿ ಸಬ್‌ಟೈಟಲ್ ಬರೆದಾಗ ಪರದೆಯಲ್ಲಿ ಮೊದಲು ಯಾವುದೋ ಯುರೋಪಿನ ಅಕ್ಷರಗಳು ಬಂದವು. ಅದು ಸೇವ್ ಮಾಡಿದ ರೀತಿಯ ತಪ್ಪು. ನೋಟ್‌ಪ್ಯಾಡಿನಲ್ಲಿ ತೆರೆದು ಯುಟಿಎಫ್-8 ಅಂತ ಆರಿಸಿ ಮತ್ತೆ ಸೇವ್ ಮಾಡಿದೆವು. ಆಮೇಲೆ ಖಾಲಿ ಚೌಕಗಳು ಬಂದವು. ಅದು ಫಾಂಟಿನ ತಪ್ಪು. ವಿಎಲ್‌ಸಿಯ 'ಪ್ರಿಫರೆನ್ಸಸ್' ಒಳಗೆ 'ಸಬ್‌ಟೈಟಲ್ಸ್' ಭಾಗದಲ್ಲಿ ಫಾಂಟನ್ನು ನಿರ್ಮಲಾ ಯುಐ ಮಾಡಿದೆವು. ತುಂಗಾ ಆದರೂ ಆಗುತ್ತದೆ. ಅಕ್ಷರ ಸರಿಯಾದವು.

ಮೇಷ್ಟ್ರ ಡಿವಿಡಿ

ಅವರ ಲ್ಯಾಪ್‌ಟಾಪಿನ ನಾಲ್ಕೂ ಪ್ಲೇಯರುಗಳನ್ನು 'ಸೆಟ್ಟಿಂಗ್ಸ್', 'ಆ್ಯಪ್ಸ್' ಒಳಗೆ ಹೋಗಿ ತೆಗೆದೆ. ನೀವೂ ಆ ಪಟ್ಟಿ ಒಮ್ಮೆ ನೋಡಿ. ಹಳೆಯ ಕಂಪ್ಯೂಟರಾದರೆ ಆ್ಯಪಲ್‌ನ ಕ್ವಿಕ್‌ಟೈಮ್ ಪ್ಲೇಯರ್ ಇನ್ನೂ ಇರಬಹುದು. ವಿಂಡೋಸಿಗೆ ಅದರ ಬೆಂಬಲವನ್ನು ಆ್ಯಪಲ್ 2016ರಲ್ಲೇ ನಿಲ್ಲಿಸಿದೆ, ತೆಗೆದುಬಿಡಿ ಅಂತ ಅಮೆರಿಕ ಸರ್ಕಾರದ ಸೈಬರ್ ಭದ್ರತಾ ವಿಭಾಗವೇ ಆಗ ಹೇಳಿತ್ತು.

ವಿಎಲ್‌ಸಿ ಹಾಕಿ 'ಮೀಡಿಯಾ', 'ಓಪನ್ ಡಿಸ್ಕ್' ಒತ್ತಿದೆ. ಡ್ರೈವ್ ಗಿರ್ರನೆ ತಿರುಗಿತು. ಚಿತ್ರ ಬಂತು, ದನಿಯೂ ಬಂತು. ಆದರೆ ಯಾರಾದರೂ ಕೈ ಆಡಿಸಿದಾಗ ಅಂಚು ಬಾಚಣಿಗೆಯ ಹಲ್ಲಿನ ಹಾಗೆ ಸೀಳುತ್ತಿತ್ತು. ಆರತಿ ತಟ್ಟೆ ಎತ್ತಿದಾಗ ತಟ್ಟೆಯೇ ಎರಡಾಗಿ ಕಾಣುತ್ತಿತ್ತು. ಮೇಷ್ಟ್ರು, "ಡಿವಿಡಿ ಹಾಳಾಗಿದೆ, ಅಲ್ವಾ?" ಅಂದರು. ಹಾಳಾಗಿರಲಿಲ್ಲ. ಆ ಕಾಲದ ಮದುವೆ ಕ್ಯಾಮೆರಾಗಳು ಒಂದು ಚಿತ್ರದ ಬೆಸ ಗೆರೆಗಳನ್ನು ಒಮ್ಮೆ, ಸರಿ ಗೆರೆಗಳನ್ನು ಸೆಕೆಂಡಿನ ಐವತ್ತನೇ ಒಂದು ಭಾಗ ಬಿಟ್ಟು ಇನ್ನೊಮ್ಮೆ ಹಿಡಿಯುತ್ತಿದ್ದವು. ಹಳೆ ಪಿಕ್ಚರ್ ಟ್ಯೂಬಿನ ಟಿವಿ ಅದೇ ಲೆಕ್ಕದಲ್ಲಿ ತೋರಿಸುತ್ತಿತ್ತು, ಹಾಗಾಗಿ ಕಾಣುತ್ತಿರಲಿಲ್ಲ. ಈಗಿನ ಪರದೆ ಎರಡನ್ನೂ ಒಟ್ಟಿಗೆ ತೋರಿಸುತ್ತದೆ. ಆ ಹೊತ್ತಿನೊಳಗೆ ಕೈ ಅಷ್ಟು ದೂರ ಸರಿದಿರುತ್ತದೆ. 'ವಿಡಿಯೋ' ಮೆನುವಿನಲ್ಲಿ 'ಡಿಇಂಟರ್‌ಲೇಸ್' ಆನ್ ಮಾಡಿದೆ. ಹಲ್ಲು ಮಾಯವಾಯಿತು. ಎಷ್ಟೋ ಜನ ಇದನ್ನು ಡಿಸ್ಕ್ ಕೆಟ್ಟಿದ್ದು ಅಂದುಕೊಂಡು ಎಸೆದಿದ್ದಾರೆ. ದಯವಿಟ್ಟು ಎಸೆಯಬೇಡಿ.

ಹಾಡು ಎರಡನೇ ಡಿವಿಡಿಯಲ್ಲಿತ್ತು. ಅಜ್ಜಿ ಗೋಡೆಗೆ ಒರಗಿ ಕೂತು, ಕಣ್ಣು ಅರ್ಧ ಮುಚ್ಚಿ ಹಾಡುತ್ತಿದ್ದರು. ಹಿಂದೆ ಯಾರೋ ಪಾತ್ರೆ ಇಟ್ಟ ಸದ್ದು. ಮೇಷ್ಟ್ರು ಸ್ಟೂಲಿನಿಂದ ಏಳಲೇ ಇಲ್ಲ. ಕರೆಂಟು ಹೋಯಿತು, ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯಿತು.

ಆಮೇಲೆ ಎರಡೂ ಡಿಸ್ಕುಗಳ 'ವಿಡಿಯೋ ಟಿಎಸ್' ಫೋಲ್ಡರುಗಳನ್ನು ಇದ್ದ ಹಾಗೇ ಲ್ಯಾಪ್‌ಟಾಪಿಗೆ ಒಂದು, ಹೊರಗಿನ ಹಾರ್ಡ್ ಡಿಸ್ಕಿಗೆ ಒಂದು ಕಾಪಿ ಮಾಡಿದೆ. ಒಂದೊಂದು 4 ಜಿಬಿ ಚಿಲ್ಲರೆ. ಬೇರೆ ಫಾರ್ಮ್ಯಾಟಿಗೆ ಬದಲಾಯಿಸಲು ಹೋಗಲಿಲ್ಲ, ಬದಲಾಯಿಸಿದಾಗಲೆಲ್ಲ ಚಿತ್ರ ಸ್ವಲ್ಪ ಮಸುಕಾಗುತ್ತದೆ. ವಿಎಲ್‌ಸಿಯಲ್ಲಿ 'ಓಪನ್ ಫೋಲ್ಡರ್' ಅಂತ ಕೊಟ್ಟರೆ ಡಿಸ್ಕ್ ಇಲ್ಲದೆಯೂ ಓಡುತ್ತದೆ. ಕಂಟ್ರೋಲ್ ಜೊತೆ ಟಿ ಒತ್ತಿ ನಿಮಿಷ ಹಾಕಿದರೆ ನೇರ ಆ ಜಾಗಕ್ಕೆ ಹೋಗುತ್ತದೆ. ಅದನ್ನು ಅವರ ಕೈಯಲ್ಲೇ ಎರಡು ಸಲ ಮಾಡಿಸಿದೆ.

ಹೊರಡುವ ಮೊದಲು ಮೇಷ್ಟ್ರು ನನ್ನ ಹತ್ತಿರ ಪೆನ್ನು ಇಸಕೊಂಡು ಡಿವಿಡಿ ಡಬ್ಬಿಯ ಒಳಗಿನ ಕಾಗದದ ಮೇಲೆ ದುಂಡಗೆ ಬರೆದರು: "ಎರಡನೇ ಡಿಸ್ಕ್, 41ನೇ ನಿಮಿಷ, ಅಮ್ಮ."